ಸೋದರಮಾವ ಬಿಟ್ಟುಹೋದ ಸಿನಿಮಾ ಡಿಸ್ಕ್‌ಗಳನ್ನು ಏನು ಮಾಡಲಿ?

ಪ್ರಶ್ನೆ: ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ, ಅಡಿಕೆ ತೋಟ. ಹೋದ ವರ್ಷ ತೀರಿಕೊಂಡ ಸೋದರಮಾವನ ಮನೆಯಿಂದ ಒಂದು ರಟ್ಟಿನ ಪೆಟ್ಟಿಗೆ ತುಂಬ ಸಿನಿಮಾ ಡಿಸ್ಕ್‌ಗಳು ನನ್ನ ಕೈಗೆ ಬಂದಿವೆ. ಕನ್ನಡದ ಹಳೆಯ ವಿಸಿಡಿಗಳು, ಸತ್ಯಜಿತ್ ರೇ, ಜಪಾನಿನ ಕುರೊಸಾವಾ ಅವರ ಡಿವಿಡಿಗಳು, ನಾಲ್ಕೈದು ಬ್ಲೂ-ರೇ. ಕೆಲವು ಡಬ್ಬಿಗಳ ಒಳಗೆ ಮಾವ ಪೆನ್ಸಿಲಿನಲ್ಲಿ ಬರೆದ ಚೀಟಿಗಳಿವೆ, ‘41ನೇ ನಿಮಿಷ ಮತ್ತೆ ನೋಡು’ ಅನ್ನುವ ಹಾಗೆ. ಕೆಲವಕ್ಕೆ ಬೂಷ್ಟು ಬಂದಿದೆ. ಎಲ್ಲಾ ಫೋನಿನಲ್ಲೇ ಸಿಗುತ್ತದೆ, ಬಿಸಾಕು ಅಂತ ಮನೆಯಲ್ಲಿ ಹೇಳುತ್ತಾರೆ. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕೇ ಇರುವುದಿಲ್ಲ. ಇವನ್ನು ಉಳಿಸಿಕೊಳ್ಳಲೇ? ಇನ್ನಷ್ಟು ಕೂಡಿಸುವುದಾದರೆ ಎಲ್ಲಿಂದ ಶುರು ಮಾಡಲಿ? ಸಿನಿಮಾದ ಜೊತೆ ಬರುವ ಬೋನಸ್ ಭಾಗಗಳನ್ನು ಕೂತು ನೋಡುವಷ್ಟು ಬೆಲೆ ಇದೆಯೇ?

ಉತ್ತರ: ಮೊದಲು ಆ ರಟ್ಟಿನ ಪೆಟ್ಟಿಗೆಯಿಂದ ಎಲ್ಲವನ್ನೂ ಹೊರಗೆ ತೆಗೆಯಿರಿ. ಉಳಿದದ್ದು ಆಮೇಲೆ. ನಮ್ಮ ಮಳೆಗಾಲದಲ್ಲಿ ರಟ್ಟು ನೀರು ಕುಡಿಯುತ್ತದೆ, ಕುಡಿದದ್ದನ್ನು ಬಿಡುವುದಿಲ್ಲ. ಸಾಗರಕ್ಕೆ ಬಂದ ಮೊದಲ ವರ್ಷ ನಾನೂ ಹೀಗೇ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಗೋಡೆಗೆ ಒತ್ತಿ ಇಟ್ಟಿದ್ದೆ. ಆಷಾಢ ಕಳೆದು ತೆಗೆದು ನೋಡಿದರೆ ಡಿಸ್ಕ್‌ಗಳು ಹೇಗೋ ಉಳಿದಿದ್ದವು. ಒಳಗಿನ ಪುಸ್ತಿಕೆಗಳು ಮಾತ್ರ ಹಪ್ಪಳದ ಹಾಗೆ ಒಂದಕ್ಕೊಂದು ಅಂಟಿ ಹೋಗಿದ್ದವು. ಅದರಲ್ಲಿ ಎರಡು ಪುಸ್ತಿಕೆ ಇವತ್ತಿಗೂ ಬೇರೆಲ್ಲೂ ಸಿಕ್ಕಿಲ್ಲ. ನಿಮ್ಮ ಮಾವನ ಚೀಟಿಗಳಿಗೆ ಹಾಗಾಗಬಾರದು. ಚೀಟಿಗಳನ್ನು ಇವತ್ತೇ ತೆಗೆದು ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ಫ್ಯಾನಿನ ಕೆಳಗೆ ಒಣಗಿಸಿ. ಯಾವ ಚೀಟಿ ಯಾವ ಡಬ್ಬಿಯದು ಅಂತ ಬರೆದಿಡುವುದನ್ನು ಮರೆಯಬೇಡಿ. ಒಲೆಯ ಹತ್ತಿರ ಮಾತ್ರ ಒಣಗಿಸಬೇಡಿ.

ಬೂಷ್ಟು ಹಿಡಿದ ಡಿಸ್ಕ್ ಅಂದರೆ ಹಾಳಾದ ಡಿಸ್ಕ್ ಅಂತ ಅರ್ಥವಲ್ಲ. ಬಹುತೇಕ ಅದು ಮೇಲ್ಮೈಯಲ್ಲಿ ಮಾತ್ರ ಇರುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದೇ ತೊಟ್ಟು ಹಾಕಿ ಬೆರಳ ತುದಿಯಿಂದ ಮೆಲ್ಲಗೆ ತೊಳೆಯಿರಿ. ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಬೇಕು, ಸುತ್ತು ಹಾಕಿ ಉಜ್ಜಬಾರದು. ಇದಕ್ಕೆ ಕಾರಣ ಇದೆ. ಡಿಸ್ಕಿನ ಮಾಹಿತಿ ಸುರುಳಿಯಾಗಿ ಸುತ್ತುತ್ತಾ ಹೋಗುತ್ತದೆ. ಅಡ್ಡಕ್ಕೆ ಬಿದ್ದ ಗೀರು ಸುರುಳಿಯ ಪ್ರತಿ ಸುತ್ತಿನಲ್ಲೂ ಒಂದು ಚೂರನ್ನು ಮಾತ್ರ ಕೆಡಿಸುತ್ತದೆ, ಅಷ್ಟನ್ನು ಪ್ಲೇಯರ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸುರುಳಿಯ ಉದ್ದಕ್ಕೂ ಬಿದ್ದ ಗೀರು ಒಂದೇ ಕಡೆಯ ಮಾಹಿತಿಯನ್ನು ಪೂರ್ತಿ ನುಂಗುತ್ತದೆ. ಟೂತ್‌ಪೇಸ್ಟ್ ಹಚ್ಚಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ತೊಳೆದ ಮೇಲೆ ಬಲ್ಬಿಗೆ ಅಡ್ಡ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ಒಳಗಿನ ಅಲ್ಯೂಮಿನಿಯಂ ಪದರ ಹೋಗಿದೆ ಅಂತ. ಬೂಷ್ಟು ಅಷ್ಟು ಒಳಗೆ ಇಳಿಯುವುದು ಅಪರೂಪ. ಆದರೆ 2001ರಲ್ಲಿ ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಒಂದು ಸಿಡಿಯನ್ನು ಸ್ಪೇನಿನ ವಿಜ್ಞಾನಿಗಳು ಪರೀಕ್ಷೆ ಮಾಡಿದಾಗ, ಒಂದು ಜಾತಿಯ ಶಿಲೀಂಧ್ರ ಅಂಚಿನಿಂದ ಒಳಹೊಕ್ಕು ಪ್ಲಾಸ್ಟಿಕ್ಕನ್ನೂ ಲೋಹವನ್ನೂ ತಿಂದಿದ್ದು ಕಂಡಿತು. ಬೆಲೀಜ್ ಕೂಡ ನಮ್ಮ ಹಾಗೆ ಬಿಸಿಯೂ ತೇವವೂ ಇರುವ ಜಾಗ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರ ಮಗ್ಗುಲಲ್ಲೇ ಇರುವ ನಾವು ಎಚ್ಚರವಾಗಿರಬೇಕು, ಅಲ್ವಾ?

ಇಡುವುದಕ್ಕೆ ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಸಾಕು. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ತೇವ ಕುಡಿದಾಗ ಕಿತ್ತಳೆಯಿಂದ ಹಸಿರಿಗೆ ತಿರುಗುವ ಜಾತಿಯದು ಒಳ್ಳೆಯದು. ಹಸಿರಾದರೆ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ಕೆಲಸಕ್ಕೆ ಬರುತ್ತದೆ. ಮುಖ್ಯವಾದದ್ದು, ಡಬ್ಬ ತುಂಬುವ ಕೆಲಸವನ್ನು ಮಾಘ, ಫಾಲ್ಗುಣದ ಒಣಹವೆಯಲ್ಲೇ ಮುಗಿಸಿ. ಹಸಿ ಅಡಿಕೆಯನ್ನು ಮೂಟೆ ಕಟ್ಟಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆಷಾಢದಲ್ಲಿ ಮುಚ್ಚಿದ ಡಬ್ಬದೊಳಗೆ ಆಷಾಢವೇ ಇರುತ್ತದೆ. ಡಿಸ್ಕ್‌ಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಬಚ್ಚಲ ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಅಲ್ಲಿಗೆ ಏರಿಸಬೇಡಿ, ಹೊಗೆ ಮತ್ತು ಬಿಸಿ ಎರಡೂ ಕೆಟ್ಟದ್ದು.

ಈಗ ವಿಂಗಡಿಸಿ. ತಳಭಾಗ ಬೆಳ್ಳಿಯ ಹಾಗೆ ಹೊಳೆದರೆ ಅದು ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕ್. ನೇರಳೆ ಛಾಯೆ ಇದ್ದರೆ ಯಾರೋ ಕಂಪ್ಯೂಟರಿನಲ್ಲಿ ಬರೆದುಕೊಂಡದ್ದು. ಬರೆದುಕೊಂಡ ಡಿಸ್ಕಿನಲ್ಲಿ ಮಾಹಿತಿ ಇರುವುದು ಬಣ್ಣದ ಪದರದಲ್ಲಿ, ಅದು ಬೇಗ ಮಾಸುತ್ತದೆ. ಹಾಗಾಗಿ ಅವನ್ನು ಮೊದಲು ನೋಡಿಬಿಡಿ.

ವಿಸಿಡಿಗಳ ಬಗ್ಗೆ ಒಂದು ಮಾತು. ಸಿಡಿ, ವಿಸಿಡಿಗಳಲ್ಲಿ ಮಾಹಿತಿಯ ಪದರ ಇರುವುದು ಚಿತ್ರ ಅಂಟಿಸಿದ ಮೇಲ್ಭಾಗದ ಕೆಳಗೇ. ಹಾಗಾಗಿ ತಳದ ಗೀರಿಗಿಂತ ಮೇಲಿನ ಗೀರೇ ಅಪಾಯ. ಡಿವಿಡಿ ಬೇರೆ ಥರ. 0.6 ಮಿಲಿಮೀಟರ್ ದಪ್ಪದ ಎರಡು ತಟ್ಟೆಗಳನ್ನು ಅಂಟಿಸಿರುತ್ತಾರೆ, ಮಾಹಿತಿ ನಡುವೆ ಭದ್ರವಾಗಿರುತ್ತದೆ. ಬ್ಲೂ-ರೇಯಲ್ಲಿ ಮಾಹಿತಿ ತಳದಿಂದ 0.1 ಮಿಲಿಮೀಟರ್ ದೂರದಲ್ಲೇ ಇದೆ, ಅದಕ್ಕೇ ತಳಕ್ಕೆ ಗಟ್ಟಿ ಲೇಪ ಕೊಟ್ಟಿರುತ್ತಾರೆ. ವಿಸಿಡಿಯ ಚಿತ್ರ ಮಸುಕು, 352 ಗುಣಿಸು 288 ಚುಕ್ಕೆಗಳಷ್ಟೇ. ಡಿವಿಡಿಯಲ್ಲಿ 720 ಗುಣಿಸು 576. ಚಿತ್ರ ಮಸುಕು ಅಂತ ಕನ್ನಡದ ವಿಸಿಡಿಗಳನ್ನು ಬಿಸಾಡಬೇಡಿ. ನಮ್ಮ ಎಷ್ಟೋ ಹಳೆಯ ಸಿನಿಮಾಗಳು ಅದಕ್ಕಿಂತ ಒಳ್ಳೆಯ ರೂಪದಲ್ಲಿ ಮನೆಗೆ ಬಂದಿಲ್ಲ.

ಪ್ಲೇಯರ್ ಬಗ್ಗೆ ನೀವು ಕೇಳಿಲ್ಲ. ಆದರೆ ಎಲ್ಲರೂ ಎಡವುವುದು ಅಲ್ಲೇ. ಡಿಸ್ಕ್‌ಗಳಿಗೆ ವಲಯ ಅಂತ ಒಂದು ಬೀಗ ಇದೆ. ಡಿವಿಡಿಗೆ ಅಮೆರಿಕ 1, ಯುರೋಪ್ ಮತ್ತು ಜಪಾನ್ 2, ನಾವು 5. ಬ್ಲೂ-ರೇಗೆ ಅಮೆರಿಕ, ಜಪಾನ್ ಎಲ್ಲ ಎ, ಯುರೋಪ್ ಬಿ, ನಾವು ಸಿ. ನಾನು ಮೊದಲ ಸಲ ಅಮೆರಿಕದಿಂದ ಬ್ಲೂ-ರೇ ತರಿಸಿದಾಗ ಅಂಗಡಿಯವರು ಎಲ್ಲ ಕಡೆ ಓಡುತ್ತದೆ ಅಂದಿದ್ದರು. ಓಡಲಿಲ್ಲ. ಪರದೆಯ ಮೇಲೆ ಒಂದು ಸಾಲು ಎಚ್ಚರಿಕೆ ಬಂದು ನಿಂತಿತು. ಆ ಡಿಸ್ಕನ್ನು ನೋಡಲು ಎರಡು ವರ್ಷ ಕಾದೆ. ಹಾಗಾಗಿ ಎಲ್ಲ ವಲಯದ ಡಿಸ್ಕ್ ಓಡಿಸುವ ಬ್ಲೂ-ರೇ ಪ್ಲೇಯರ್‌ಗೆ ದುಡ್ಡು ಹಾಕಿ, ಅದು ಮುಗಿದ ಮೇಲೆ ಡಿಸ್ಕ್ ಕೊಳ್ಳಿ. ಅದೊಂದರಲ್ಲೇ ಡಿವಿಡಿಯೂ ಓಡುತ್ತದೆ. ವಿಸಿಡಿ ಓಡುತ್ತದೆಯೇ ಅಂತ ಕೇಳಿಯೇ ಕೊಳ್ಳಿ, ಎಲ್ಲದರಲ್ಲೂ ಓಡುವುದಿಲ್ಲ. ಲ್ಯಾಪ್‌ಟಾಪಿನ ಡಿವಿಡಿ ಡ್ರೈವ್‌ನಲ್ಲಿ ವಲಯ ಬದಲಿಸುವ ಅವಕಾಶ 5 ಸಲ ಮಾತ್ರ. ಐದನೆಯದಕ್ಕೆ ಅದು ಅಲ್ಲೇ ಬೀಗ ಹಾಕಿಕೊಳ್ಳುತ್ತದೆ. ಸುಮ್ನೆ ಪರೀಕ್ಷೆ ಮಾಡಲು ಹೋಗಿ ಕಳೆದುಕೊಳ್ಳಬೇಡಿ.

ಬ್ಲೂ-ರೇಗಿಂತ ಸ್ಪಷ್ಟ ಚಿತ್ರದ 4ಕೆ ಡಿಸ್ಕ್‌ಗಳಿಗೆ ವಲಯದ ಬೀಗ ಇಲ್ಲ. ಆದರೆ ಇಲ್ಲೊಂದು ತೊಡಕಿದೆ. ಅಮೆರಿಕದ ಕ್ರೈಟೀರಿಯನ್ ಕಂಪನಿಯ 4ಕೆ ಪೆಟ್ಟಿಗೆಗಳಲ್ಲಿ ಸಿನಿಮಾ 4ಕೆ ಡಿಸ್ಕಿನಲ್ಲಿರುತ್ತದೆ, ಬೋನಸ್ ಭಾಗಗಳು ಜೊತೆಗಿರುವ ಬ್ಲೂ-ರೇಯಲ್ಲಿರುತ್ತವೆ. ಆ ಬ್ಲೂ-ರೇಗೆ ಎ ವಲಯದ ಬೀಗ ಇದೆ. ಅಂದರೆ ನಮ್ಮ ಸಿ ವಲಯದ ಪ್ಲೇಯರಿನಲ್ಲಿ ಸಿನಿಮಾ ನೋಡಬಹುದು, ಬೋನಸ್ ನೋಡಲಾಗುವುದಿಲ್ಲ. ಪ್ಲೇಯರ್ ತಯಾರಿಸುವವರೂ ಕಡಿಮೆಯಾಗುತ್ತಿದ್ದಾರೆ. ಒಪ್ಪೊ 2018ರಲ್ಲಿ, ಸ್ಯಾಮ್‌ಸಂಗ್ 2019ರಲ್ಲಿ ಹಿಂದೆ ಸರಿದವು. ಸಿಕ್ಕ ಒಳ್ಳೆಯ ಪ್ಲೇಯರನ್ನು ಜೋಪಾನ ಮಾಡಿ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಪ್ಲಗ್ ಮಾತ್ರ ಕಿತ್ತರೆ ಸಾಲದು, ಟಿವಿಗೆ ಬರುವ ಡಿಶ್ ಕೇಬಲ್ಲನ್ನೂ ಬಿಡಿಸಿಡಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಟಿವಿಯಲ್ಲಿ ಎರಡು ಕೆಲಸ ಮಾಡಿ. ಚಲನೆಯನ್ನು ನಯ ಮಾಡುವ ಸೌಲಭ್ಯವನ್ನು ಬಂದ್ ಮಾಡಿ. ಅದು ಸಿನಿಮಾವನ್ನು ಧಾರಾವಾಹಿಯ ಹಾಗೆ ಕಾಣಿಸುತ್ತದೆ. ಹಳೆಯ ಚಿತ್ರಗಳ ಎರಡೂ ಬದಿಗೆ ಕಪ್ಪು ಪಟ್ಟಿ ಬಂದರೆ ಹಾಗೇ ಇರಲಿ, ಪರದೆ ತುಂಬಲಿ ಅಂತ ಹಿಗ್ಗಿಸಬೇಡಿ. ಹಿಗ್ಗಿಸಿದರೆ ರೇ ಅವರ ‘ಪಥೇರ್ ಪಾಂಚಾಲಿ’ಯ ಹುಡುಗಿ ದುರ್ಗಾಳ ಮುಖ ದುರ್ಗಾಳ ಮುಖವಾಗಿ ಉಳಿಯುವುದಿಲ್ಲ.

ಇನ್ನು ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಬೋನಸ್ ಭಾಗಗಳಿಗೆ ಬೆಲೆ ಇದೆಯೇ? ನನಗೆ ಡಿಸ್ಕ್‌ಗಳ ಹುಚ್ಚು ಹಿಡಿದದ್ದೇ ಅವುಗಳಿಂದ.

ನೀವು ಇರುವ ಜಿಲ್ಲೆಯಲ್ಲೇ ಇದಕ್ಕೊಂದು ಹಿನ್ನೆಲೆ ಇದೆ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ನೀನಾಸಂ ಕಟ್ಟಿದರು. 1973ರಲ್ಲಿ ಅಲ್ಲೇ ಚಿತ್ರಸಮಾಜ ಶುರುವಾಯಿತು. ಜಗತ್ತಿನ ದೊಡ್ಡ ಸಿನಿಮಾಗಳ ರೀಲು ಬಸ್ಸು ಹತ್ತಿ ಆ ಹಳ್ಳಿಗೆ ಬಂದವು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಅವರು ಬಂದು ರಸಗ್ರಹಣ ಶಿಬಿರ ನಡೆಸಿದರು. ಸಿನಿಮಾ ತೋರಿಸಿ ಕಳಿಸಿಬಿಡುವ ಶಿಬಿರ ಅದಲ್ಲ. ನೋಡಿದ್ದನ್ನು ಮತ್ತೆ ನೋಡುವುದು, ಒಂದು ದೃಶ್ಯ ಯಾಕೆ ಹಾಗಿದೆ ಅಂತ ಕೂತು ಮಾತಾಡುವುದು. ಒಳ್ಳೆಯ ಡಿಸ್ಕಿನ ಬೋನಸ್ ಭಾಗ ಮಾಡುವುದೂ ಇದನ್ನೇ. ನಮ್ಮ ಪಕ್ಕದಲ್ಲಿ ಒಬ್ಬ ತಿಳಿದವರು ಬಂದು ಕೂರುತ್ತಾರೆ. ಫೋನಿನಲ್ಲಿ ಸಿನಿಮಾ ಸಿಗಬಹುದು. ಆ ಪಕ್ಕದ ಜನ ಅಲ್ಲಿ ಅಪರೂಪ. ಪರವಾನಗಿ ಮುಗಿದರೆ ಸಿನಿಮಾವೂ ಅಲ್ಲಿಂದ ಹೋಗುತ್ತದೆ. ಒಂದು ಬ್ಲೂ-ರೇಯಲ್ಲಿ 50 ಜಿಬಿಯವರೆಗೆ ಹಿಡಿಯುತ್ತದೆ. ಅಷ್ಟನ್ನು ನಿಮ್ಮ ಮನೆಯ ಅಂಗಳದಲ್ಲಿ ನಿಂತು ಇಳಿಸಿಕೊಳ್ಳುವುದು ಆಗದ ಮಾತು.

ಬೋನಸ್‌ಗಳಲ್ಲಿ ಕಾಮೆಂಟರಿ, ಅಂದರೆ ಸಿನಿಮಾದ ಜೊತೆಗೇ ಕೇಳುವ ವಿವರಣೆ, ಹುಟ್ಟಿದ್ದು ಒಂದು ಖಾಲಿ ಜಾಗದಿಂದ. 1984ರಲ್ಲಿ ಕ್ರೈಟೀರಿಯನ್ ಶುರುವಾದಾಗ ಇದ್ದದ್ದು ಲೇಸರ್‌ಡಿಸ್ಕ್, ಗ್ರಾಮಫೋನ್ ತಟ್ಟೆಯಷ್ಟು ದೊಡ್ಡದು. ಅದರಲ್ಲಿ ಸಿನಿಮಾದ ಧ್ವನಿಯ ಜೊತೆ ಇನ್ನೊಂದು ಧ್ವನಿಗೂ ಜಾಗ ಇತ್ತು. 1933ರ ‘ಕಿಂಗ್ ಕಾಂಗ್’ ಡಿಸ್ಕಿನಲ್ಲಿ ಆ ಜಾಗದಲ್ಲಿ ಚಿತ್ರ ಇತಿಹಾಸಕಾರ ರೊನಾಲ್ಡ್ ಹೇವರ್ ಅವರನ್ನು ಕೂರಿಸಿ ಮಾತಾಡಿಸಿದರು. ಸಿನಿಮಾ ಓಡುತ್ತಿರುವಾಗಲೇ ಅದರ ಬಗ್ಗೆ ಮಾತು. ಅಲ್ಲಿಂದ ಇದು ಹಬ್ಬಿತು.

ನಿಮ್ಮ ಪೆಟ್ಟಿಗೆಯಲ್ಲಿ ಕುರೊಸಾವಾ ಇದ್ದಾರೆ ಅಂದಿರಿ. 1950ರ ‘ರಾಶೊಮಾನ್’ ಇದ್ದರೆ ಅದರಿಂದಲೇ ಶುರು ಮಾಡಿ, ನಾನು ಹೇಳುವ ಕ್ರಮದಲ್ಲಿ. ಮೊದಲ ದಿನ ಸಿನಿಮಾ ಮಾತ್ರ. 88 ನಿಮಿಷ, ನಡುವೆ ಏಳಬೇಡಿ. ಬೋನಸ್ ಮುಟ್ಟಬೇಡಿ. ಮೊದಲೇ ಇನ್ನೊಬ್ಬರ ಅಭಿಪ್ರಾಯ ಕಿವಿಗೆ ಬಿದ್ದರೆ ನಿಮ್ಮದು ಹುಟ್ಟುವುದೇ ಇಲ್ಲ. ರಾತ್ರಿ ಮಲಗಿ. ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತೋಟಕ್ಕೆ ಹೋಗಿ ಸುಮ್ನೆ ನಿಂತು ಅಡಿಕೆ ಸೋಗೆಗಳ ನಡುವಿನಿಂದ ಬಿಸಿಲು ಹೇಗೆ ಇಳಿಯುತ್ತದೆ ಅಂತ ನೋಡಿ. ಮುಖದ ಮೇಲೆ, ಕೈ ಮೇಲೆ ಎಲೆಯ ನೆರಳು ಆಡುವುದನ್ನು ನೋಡಿ. ಆ ಸಿನಿಮಾದ ಕಾಡಿನ ದೃಶ್ಯಗಳಲ್ಲಿ ಇರುವುದು ಇದೇ ಬೆಳಕು.

ಆಮೇಲೆ ಬೋನಸ್ ಹಾಕಿ. ಕ್ರೈಟೀರಿಯನ್ ಡಿಸ್ಕ್ ಆಗಿದ್ದರೆ ಜಪಾನಿ ಸಿನಿಮಾದ ಬಗ್ಗೆ ಜೀವನಪೂರ್ತಿ ಬರೆದ ಡೊನಾಲ್ಡ್ ರಿಚಿ ಅವರ ಕಾಮೆಂಟರಿ ಇರುತ್ತದೆ. ಛಾಯಾಗ್ರಾಹಕ ಕಜುವೊ ಮಿಯಾಗಾವಾ ಅವರ ಬಗ್ಗೆ ಒಂದು ಸಾಕ್ಷ್ಯಚಿತ್ರದ ತುಣುಕೂ ಇರುತ್ತದೆ. ದಟ್ಟ ಕಾಡಿನೊಳಗೆ ಬೆಳಕು ಸಾಲುತ್ತಿರಲಿಲ್ಲ. ಮಿಯಾಗಾವಾ ದೊಡ್ಡ ದೊಡ್ಡ ಕನ್ನಡಿಗಳನ್ನು ಹಿಡಿಸಿ ಬಿಸಿಲನ್ನು ನಟರ ಮುಖದ ಮೇಲೆ ತಿರುಗಿಸಿದರು. ಕ್ಯಾಮರಾವನ್ನು ನೇರ ಸೂರ್ಯನ ಕಡೆಗೇ ಹಿಡಿದರು. ಆ ಕಾಲದಲ್ಲಿ ಅದನ್ನು ಮಾಡಬಾರದು ಅಂತ ಎಲ್ಲರೂ ನಂಬಿದ್ದರು. ಈಗ ಮತ್ತೆ ಆ ದೃಶ್ಯಕ್ಕೆ ಹೋಗಿ. ನಿನ್ನೆ ಕಂಡದ್ದಕ್ಕಿಂತ ಬೇರೆಯೇ ಕಾಣುತ್ತದೆ. ಹಾಗೆ ಬೆಳಕು ನೋಡಲು ಕಲಿತ ಮೇಲೆ ಬೇರೆ ಸಿನಿಮಾಗಳಲ್ಲೂ ಅದು ತಾನಾಗಿ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಸಂಗತಿ ಮಲೆನಾಡಿನವರಿಗೆ ಜಾಸ್ತಿ ಹತ್ತಿರ. ಆ ಸಿನಿಮಾದ ಪಾಳುಬಿದ್ದ ಹೆಬ್ಬಾಗಿಲ ಮೇಲೆ ಮಳೆ ಸುರಿಯುತ್ತಲೇ ಇರುತ್ತದೆ. ನಿಮ್ಮ ಜಗಲಿಯಿಂದ ಜೋರು ಮಳೆಯ ಫೋಟೋ ತೆಗೆದು ನೋಡಿ. ಕಣ್ಣಿಗೆ ಕಂಡ ಮಳೆ ಫೋಟೋದಲ್ಲಿ ಇರುವುದಿಲ್ಲ. ಬೂದು ಆಕಾಶದ ಎದುರು ನೀರಿನ ಎಳೆ ಕರಗಿ ಹೋಗುತ್ತದೆ. ಕುರೊಸಾವಾಗೂ ಹಾಗೇ ಆಯಿತು. ಅವರು ನೀರಿಗೆ ಕಪ್ಪು ಶಾಯಿ ಬೆರೆಸಿ ಸುರಿಸಿದರು. ಇದು ಗೊತ್ತಾದ ಮೇಲೆ ನಾನು ಮಳೆಯ ದೃಶ್ಯ ಬಂದಾಗಲೆಲ್ಲ ಅದನ್ನು ಹೇಗೆ ಹಿಡಿದಿದ್ದಾರೆ ಅಂತಲೇ ನೋಡುತ್ತೇನೆ. ನಮ್ಮ ಸಾಗರದ ನಾ. ಡಿಸೋಜ ಅವರ ಕಾದಂಬರಿಯಿಂದ ಗಿರೀಶ್ ಕಾಸರವಳ್ಳಿ ಮಾಡಿದ ‘ದ್ವೀಪ’ ನೋಡಿ. ಅಣೆಕಟ್ಟಿನ ನೀರು ಏರುತ್ತಾ ಬರುವ ಕತೆ ಅದು. ಅಲ್ಲಿ ಮಳೆಯೇ ಒಂದು ಪಾತ್ರ. ಛಾಯಾಗ್ರಹಣಕ್ಕೆ ಎಚ್.ಎಂ. ರಾಮಚಂದ್ರ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಎರಡೂ ಸಿನಿಮಾಗಳ ಮಳೆಯನ್ನು ಒಂದೇ ವಾರ ನೋಡಿದರೆ ಎಷ್ಟು ತಿಳಿಯುತ್ತದೆ ಅಂತ ನೀವೇ ಕಂಡುಕೊಳ್ಳುತ್ತೀರಿ.

ಕಾಮೆಂಟರಿ ಕೇಳುವುದು ಶುರುವಿನಲ್ಲಿ ಕಷ್ಟ. ಇಂಗ್ಲಿಷ್ ಮಾತು ವೇಗವಾಗಿ ಹೋಗುತ್ತದೆ, ಅದಕ್ಕೆ ಅಡಿಬರಹ ಸಾಮಾನ್ಯವಾಗಿ ಇರುವುದಿಲ್ಲ. ಒಂದೇ ಸಲ ಪೂರ್ತಿ ಕೇಳಬೇಕು ಅಂತ ಹಟ ಬೇಡ. ದಿನಕ್ಕೆ 20 ನಿಮಿಷ ಸಾಕು. ರಿಮೋಟ್ ಕೈಯಲ್ಲಿರಲಿ, ಅರ್ಥವಾಗದಿದ್ದರೆ ಹಿಂದಕ್ಕೆ ಹೋಗಿ. ಪಂಡಿತರ ಕಾಮೆಂಟರಿ ಮತ್ತು ನಿರ್ದೇಶಕರ ಕಾಮೆಂಟರಿ ಎರಡರಲ್ಲಿ ನಾನು ಹೆಚ್ಚಾಗಿ ಮೊದಲನೆಯದನ್ನೇ ಆರಿಸುತ್ತೇನೆ. ನಿರ್ದೇಶಕರು ಅವತ್ತು ಚಳಿ ಇತ್ತು, ನಟನಿಗೆ ಜ್ವರ ಇತ್ತು ಅನ್ನುವುದನ್ನು ಹೇಳುತ್ತಾರೆ. ಚೆನ್ನಾಗಿರುತ್ತದೆ. ಆದರೆ ತಾವು ಮಾಡಿದ್ದು ಯಾಕೆ ನಮ್ಮ ಎದೆಗೆ ತಾಗಿತು ಅನ್ನುವುದನ್ನು ಅವರು ಹೇಳುವುದು ಕಡಿಮೆ. ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ ಚಿತ್ರಗಳ ಮೇಲೆ ಚಿತ್ರ ಇತಿಹಾಸಕಾರ ಪೀಟರ್ ಕೋವಿ ಅವರ ಮಾತು ಕೇಳಿದರೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಟ್ರೇಲರ್, ಫೋಟೋಗಳ ಸಾಲು, ಬಿಡುಗಡೆಯ ಹೊತ್ತಿಗೆ ಪ್ರಚಾರಕ್ಕೆ ಮಾಡಿದ ಹೊಗಳಿಕೆಯ ತುಣುಕು, ಇವನ್ನು ಬಿಟ್ಟರೂ ನಷ್ಟವಿಲ್ಲ. ಪುಸ್ತಿಕೆಯನ್ನು ಮಾತ್ರ ಬಿಡಬೇಡಿ. ಕರೆಂಟ್ ಹೋದಾಗ ಓದಬಹುದಾದ ಬೋನಸ್ ಅದೊಂದೇ.

ಹೊಸದಾಗಿ ಕೊಳ್ಳುವುದಾದರೆ ಮೊದಲು ಏನು? ನನ್ನ ಉತ್ತರ ರೇ ಅವರ ಅಪು ಚಿತ್ರತ್ರಯದ, ಅಂದರೆ ಅಪು ಅನ್ನುವ ಹುಡುಗ ಬೆಳೆಯುವ ಕತೆಯ ಮೂರು ಚಿತ್ರಗಳ, ಬ್ಲೂ-ರೇ ಪೆಟ್ಟಿಗೆ. ನಿಮ್ಮ ಮಾವನ ಡಿವಿಡಿ ಇದ್ದರೂ ಇದನ್ನು ಕೊಳ್ಳಿ. 1993ರಲ್ಲಿ ಲಂಡನ್ನಿನ ಒಂದು ಲ್ಯಾಬಿನಲ್ಲಿ ಬೆಂಕಿ ಬಿದ್ದು ಈ ಚಿತ್ರಗಳ ಮೂಲ ನೆಗೆಟಿವ್‌ಗಳು ಸುಟ್ಟವು. ಬೇರೆ ಯಾರಾದರೂ ಆಗಿದ್ದರೆ ಎಸೆಯುತ್ತಿದ್ದರು. ಅಮೆರಿಕದ ಆಸ್ಕರ್ ಅಕಾಡೆಮಿಯ ಸಂಗ್ರಹಾಗಾರ ಆ ಕರಕಲು ಸುರುಳಿಗಳನ್ನು ಹಾಗೇ ಎತ್ತಿಟ್ಟಿತು. 20 ವರ್ಷ ಕಳೆದ ಮೇಲೆ ಇಟಲಿಯ ಬೊಲೋನ್ಯಾದ ಲ್ಯಾಬೊಂದರ ಕೆಲಸಗಾರರು ಒಣಗಿ ಮುರುಟಿದ ಫಿಲ್ಮಿಗೆ ತೇವ ಕೊಟ್ಟು ಬಿಡಿಸಿದರು, ಹರಿದ ಅಂಚುಗಳನ್ನು ಕೈಯಲ್ಲೇ ಸರಿಮಾಡಿದರು. ನೆಗೆಟಿವ್ ಸಿದ್ಧ ಮಾಡುವುದಕ್ಕೇ ಸುಮಾರು 1000 ಗಂಟೆ ಹಿಡಿಯಿತು. ‘ಪಥೇರ್ ಪಾಂಚಾಲಿ’ಯ ಮೂಲದಲ್ಲಿ ನೂರಕ್ಕೆ ಸುಮಾರು 40 ಪಾಲು, ‘ಅಪರಾಜಿತೊ’ದಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಪಾಲು ಬಳಸಲು ಬಂತು. ಉಳಿದದ್ದನ್ನು ಬೇರೆ ಪ್ರತಿಗಳಿಂದ ತುಂಬಿದರು. 2015ರಲ್ಲಿ ಡಿಸ್ಕ್ ಬಂತು. ಈ ಕೆಲಸ ಹೇಗೆ ನಡೆಯಿತು ಅನ್ನುವ ಚಿಕ್ಕ ಚಿತ್ರ ಆ ಪೆಟ್ಟಿಗೆಯ ಬೋನಸ್‌ನಲ್ಲಿದೆ. ಅದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪು ಮತ್ತು ದುರ್ಗಾ ಕಾಶಹುಲ್ಲಿನ ಬಯಲಲ್ಲಿ ರೈಲು ನೋಡಲು ಓಡುವ ದೃಶ್ಯ ಇಂದಿಗೂ ಇದೆಯಲ್ಲ, ಅದು ಯಾರೋ ಬೂದಿಯಿಂದ ಆರಿಸಿಕೊಟ್ಟದ್ದು.

ದುಡ್ಡಿನ ಮಾತು. ಕ್ರೈಟೀರಿಯನ್ ಬ್ಲೂ-ರೇ ಒಂದರ ಪಟ್ಟಿ ಬೆಲೆ 39.95 ಡಾಲರ್. ಅಮೆರಿಕದ ಬಾರ್ನ್ಸ್ ಅಂಡ್ ನೋಬಲ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಜುಲೈ ಮತ್ತು ನವೆಂಬರ್‌ನಲ್ಲಿ ಅರ್ಧ ಬೆಲೆಗೆ ಕೊಡುತ್ತಾರೆ. ನಮ್ಮ ಕಡೆ ಮನೆಗೊಬ್ಬರು ಅಲ್ಲಿದ್ದಾರೆ. ಊರಿಗೆ ಬರುವವರ ಸೂಟ್‌ಕೇಸಿನಲ್ಲಿ ಎರಡು ಡಿಸ್ಕ್‌ಗೆ ಜಾಗ ಕೇಳಿ. ಅಂಚೆಯಲ್ಲಿ ತರಿಸಿದರೆ ಸಾಗಣೆ, ಸುಂಕ ಸೇರಿ ಬೆಲೆ ಏರುತ್ತದೆ. ಬ್ರಿಟನ್ನಿನಲ್ಲಿ ಬಿಎಫ್‌ಐ, ಮಾಸ್ಟರ್ಸ್ ಆಫ್ ಸಿನಿಮಾ, ಸೆಕೆಂಡ್ ರನ್ ಅನ್ನುವ ಹೆಸರಲ್ಲಿ ಬರುವ ಡಿಸ್ಕ್‌ಗಳೂ ಒಳ್ಳೆಯವು. ಭಾರತದಲ್ಲಿ ಸರ್ಕಾರದ ಚಲನಚಿತ್ರ ನಿಗಮವಾದ ಎನ್‌ಎಫ್‌ಡಿಸಿ ‘ಸಿನಿಮಾಸ್ ಆಫ್ ಇಂಡಿಯಾ’ ಅನ್ನುವ ಹೆಸರಲ್ಲಿ ಹೊರತಂದ ಡಿವಿಡಿಗಳು ಹಳೆಯ ಅಂಗಡಿಗಳಲ್ಲಿ ಕಂಡರೆ ಬಿಡಬೇಡಿ. ವರ್ಷಕ್ಕೆ ನಾಲ್ಕು ಡಿಸ್ಕ್ ಕೊಂಡರೆ ಸಾಕು. ಮೂರು ಸಲ ನೋಡುತ್ತೇನೆ ಅನ್ನಿಸಿದ ಸಿನಿಮಾ ಮಾತ್ರ ಕೊಳ್ಳಿ. ಕವಚ ಬಿಚ್ಚದ ಡಿಸ್ಕ್‌ಗಳು ತುಂಬಿದ ಕಪಾಟುಗಳನ್ನು ನಾನು ಕಂಡಿದ್ದೇನೆ. ನೋಡಿದರೆ ಬೇಜಾರಾಗುತ್ತದೆ.

ನನಗೆ ನಿಜವಾಗಿ ನೋವಿರುವುದು ಕನ್ನಡದ ವಿಷಯದಲ್ಲಿ. ‘ಸಂಸ್ಕಾರ’ ಚಿತ್ರೀಕರಣವಾದದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಕ್ಯಾಮರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಒಬ್ಬ ಹೊರಗಿನವರ ಕಣ್ಣಿಗೆ ನಮ್ಮ ಅಗ್ರಹಾರ, ತುಂಗೆಯ ದಡ ಹೇಗೆ ಕಂಡಿತು ಅಂತ ಒಂದು ಗಂಟೆ ಕೇಳಬೇಕು ಅನ್ನಿಸುವುದಿಲ್ಲವೇ? ಕಾಸರವಳ್ಳಿ ನಿಮ್ಮ ತಾಲ್ಲೂಕಿನ ಕೆಸಲೂರಿನವರು. ಅನಂತಮೂರ್ತಿಯವರ ಕತೆಯಿಂದ ಅವರು ಮಾಡಿದ ಮೊದಲ ಚಿತ್ರ ‘ಘಟಶ್ರಾದ್ಧ’ 1977ರ ಸ್ವರ್ಣಕಮಲ ಪಡೆಯಿತು. ಅದನ್ನು ಈಗ 4ಕೆಯಲ್ಲಿ ಪುನರುಜ್ಜೀವನ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಅವರ ಫಿಲ್ಮ್ ಫೌಂಡೇಶನ್ ಸೇರಿ ಮಾಡಿದ ಕೆಲಸ ಅದು. ಅದರ ಡಿಸ್ಕ್ ಪೂರ್ತಿ ಬೋನಸ್ ಸಮೇತ ನನ್ನ ಕೈಗೆ ಬರುವ ದಿನಕ್ಕೆ ಕಪಾಟಿನಲ್ಲಿ ಜಾಗ ಬಿಟ್ಟಿದ್ದೇನೆ. ಆದರೆ ನಾನು ಇಲ್ಲಿಯವರೆಗೆ ಕಂಡ ಕನ್ನಡದ ಹಳೆಯ ಕಲಾತ್ಮಕ ಚಿತ್ರಗಳ ಡಿಸ್ಕ್‌ಗಳಲ್ಲಿ ಸಿನಿಮಾ ಬಿಟ್ಟರೆ ಬೇರೆ ಸಿನಿಮಾಗಳ ಜಾಹೀರಾತು ಮಾತ್ರ ಇತ್ತು.

ಹಾಗಾಗಿ ಆ ಬೋನಸ್ಸನ್ನು ನಾವೇ ಮಾಡಿಕೊಳ್ಳಬೇಕು. ನೀವು ಇರುವ ಜಾಗ ಅದಕ್ಕೆ ಹೇಳಿ ಮಾಡಿಸಿದ್ದು. ಆಗುಂಬೆ ನಿಮ್ಮಿಂದ ದೂರವಿಲ್ಲ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ದೊಡ್ಡಮನೆ ಅಲ್ಲಿದೆ. ಅರಸಾಳು ರೈಲು ನಿಲ್ದಾಣದಲ್ಲಿ ಅದರದೇ ಮ್ಯೂಸಿಯಂ ಇದೆ. ಒಂದು ಸಂಚಿಕೆ ನೋಡಿ, ಮರುದಿನ ಅಲ್ಲಿಗೆ ಹೋಗಿ ಕ್ಯಾಮರಾ ಎಲ್ಲಿ ನಿಂತಿದ್ದಿರಬಹುದು ಅಂತ ಹುಡುಕಿ. ಶೂಟಿಂಗ್ ನೋಡಿದ ಹಿರಿಯರು ಇನ್ನೂ ಇದ್ದಾರೆ. ಗುಂಪಿನಲ್ಲಿ ನಿಂತವರು, ಎತ್ತಿನಗಾಡಿ ಕೊಟ್ಟವರು, ಊಟ ಹಾಕಿದವರು. ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ಮಾತು ಮುದ್ರಿಸಿಕೊಳ್ಳಿ. ಯಾವ ದೃಶ್ಯ, ಯಾವ ಜಾಗ, ಯಾರು ಹೇಳಿದ್ದು, ಯಾವ ದಿನ ಅಂತ ಬರೆದಿಡಿ. ಆ ಚೀಟಿಯನ್ನು ಆ ಡಿಸ್ಕಿನ ಡಬ್ಬಿಯಲ್ಲೇ ಇಡಿ. ನಿಮ್ಮ ಮಾವ ಇದನ್ನು ನನಗಿಂತ ಮೊದಲೇ ಕಂಡುಕೊಂಡಿದ್ದರು. ಅವರ ಚೀಟಿಗಳು ಕಾಮೆಂಟರಿಯೇ ಅಲ್ವಾ? ಸಿನಿಮಾ ನೋಡಿದ ಮೇಲೆ, ಪಂಡಿತರ ಮಾತು ಕೇಳುವ ಮೊದಲು, ಅವರ ಚೀಟಿ ಓದಿ.

ಚೀಟಿಯಲ್ಲಿರುವ ನಿಮಿಷದ ಲೆಕ್ಕ ತಾಳೆಯಾಗದಿದ್ದರೆ ಗಾಬರಿ ಬೇಡ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಬಿಡಿ ಚಿತ್ರಗಳ (ಫ್ರೇಮ್‌ಗಳ) ವೇಗದಲ್ಲಿ. ಭಾರತ, ಯುರೋಪಿನ ಪಾಲ್ ಅನ್ನುವ ಟಿವಿ ಪದ್ಧತಿಯ ಡಿವಿಡಿ ಅದನ್ನು 25ರ ವೇಗದಲ್ಲಿ ಓಡಿಸುತ್ತದೆ. 100 ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ, ಧ್ವನಿಯೂ ಒಂದು ಎಳೆ ಮೇಲಕ್ಕೆ ಹೋಗುತ್ತದೆ. ಬ್ಲೂ-ರೇ ಮೂಲ ವೇಗದಲ್ಲೇ ಓಡುತ್ತದೆ. ಮಾವ ಪಾಲ್ ಡಿವಿಡಿ ನೋಡಿ 41ನೇ ನಿಮಿಷ ಅಂತ ಬರೆದಿದ್ದರೆ, ನೀವು ಕೊಳ್ಳುವ ಬ್ಲೂ-ರೇಯಲ್ಲಿ ಅದೇ ದೃಶ್ಯ 42 ನಿಮಿಷ 40 ಸೆಕೆಂಡಿನ ಸುಮಾರಿಗೆ ಬರುತ್ತದೆ. ಅಲ್ಲಿಗೆ ಹೋಗಿ ನೋಡಿ.